ಮನೆಯಲ್ಲಿದ್ದ ಜುಲೈ

ಭದ್ರಾವತಿಯ ಹೊರಗೆ ನಾನು ಕೆಲಸ ಮಾಡುತ್ತಿದ್ದ ಎರಕದ ಕಾರ್ಖಾನೆಯಿಂದ ಶಿವಮೊಗ್ಗದ ರವೀಂದ್ರನಗರದ ನಮ್ಮ ಮನೆಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಎರಡು ಬಸ್ಸು ತಪ್ಪಿದರೂ ಒಂದೂವರೆ ಗಂಟೆಯೊಳಗೆ ಮನೆಯಲ್ಲಿರುತ್ತಿದ್ದೆ. ನವರಾತ್ರಿಯ ಆ ಒಂದು ದಿನ ಮಾತ್ರ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದೂವರೆಯವರೆಗೆ ಆ ಮನೆ ನನ್ನ ಕೈಗೆ ಎಟುಕಲಿಲ್ಲ. ಎರಡು ಸಾವಿರದ ಆರನೆಯ ಇಸವಿ ಇರಬೇಕು. ಏಳು ಎಂದು ಅಮ್ಮ ಹೇಳುತ್ತಾಳೆ. ಇಂಥ ವಿಷಯಗಳಲ್ಲಿ ಅವಳ ಮಾತೇ ಸಾಮಾನ್ಯವಾಗಿ ಸರಿ ಇರುತ್ತದೆ. ಅದನ್ನು ಒಪ್ಪಿಕೊಂಡೇ ಮುಂದೆ ಬರೆಯುತ್ತೇನೆ.

ಅಂದು ಕಾರ್ಖಾನೆಯಲ್ಲಿ ವಿಚಾರಣೆ ಇತ್ತು. ವಿಚಾರಣೆ ನನ್ನ ಮೇಲಲ್ಲ, ಲ್ಯಾಬಿನಲ್ಲಿ ನನ್ನ ಕೈಕೆಳಗೆ ಕೆಲಸ ಮಾಡುತ್ತಿದ್ದ ಸಹಾಯಕರ ಮೇಲೆ. ಅವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಅವರ ಅಜ್ಜ ತಮಿಳು ಸೀಮೆಯಿಂದ ಭದ್ರಾವತಿಗೆ ಕೂಲಿಗೆ ಬಂದವರಂತೆ. ಮನೆಯಲ್ಲಿ ತಮಿಳು, ಹೊರಗೆ ನಮ್ಮೆಲ್ಲರಿಗಿಂತ ಚುರುಕಾದ ಕನ್ನಡ. ನಾನು ವಿಶ್ವವಿದ್ಯಾನಿಲಯದಲ್ಲಿ ಎಂಎಸ್ಸಿ ಮುಗಿಸಿ ನೇರವಾಗಿ ಅವರ ಮೇಲಧಿಕಾರಿಯಾಗಿ ಬಂದು ಕೂತವನು. ಕರಗಿದ ಕಬ್ಬಿಣದ ಬಣ್ಣ ನೋಡಿಯೇ ಅವರು ಹೇಳಬಲ್ಲ ಸಂಗತಿಯನ್ನು ಹೇಳಲು ನನಗೆ ಅರ್ಧ ಗಂಟೆಯೂ ನಾಲ್ಕು ಬಾಟಲಿಯೂ ಬೇಕಾಗುತ್ತಿದ್ದವು.

ಲ್ಯಾಬಿನಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಸಲ ಕುಲುಮೆಯಿಂದ ಬಂದ ಮಾದರಿಯಲ್ಲಿ ಗಂಧಕ ಎಷ್ಟಿದೆ ಎಂದು ಅವರು ನೋಡಬೇಕು. ಮಿತಿಯೊಳಗಿದ್ದರೆ ನೇರವಾಗಿ ರಿಜಿಸ್ಟರಿಗೆ. ಮಿತಿ ಮೀರಿದ್ದರೆ ಬರೆಯಬಾರದು, ಮೊದಲು ನನಗೆ ಬಾಯಲ್ಲಿ ಹೇಳಬೇಕು. ನಾನು ಇನ್ನೊಮ್ಮೆ ಪರೀಕ್ಷೆ ಮಾಡಿಸಿ, ಆಮೇಲೆ ಬಂದ ಅಂಕಿಯನ್ನು ಬರೆಸುತ್ತೇನೆ. ಗಿರಾಕಿ ಕಂಪನಿಯವರು ಬಂದು ರಿಜಿಸ್ಟರು ತಿರುವಿಹಾಕುವಾಗ ಹೊಡೆದುಹಾಕಿದ ಅಂಕಿಗಳು ಕಾಣಬಾರದು ಎಂದು ಈ ಪದ್ಧತಿ ತಂದವನು ನಾನೇ.

ಜುಲೈ ತಿಂಗಳ ಒಂದು ಸಂಜೆ ಗಂಧಕ ಮಿತಿ ಮೀರಿತ್ತು. ಮರುಪರೀಕ್ಷೆ ಆಗಲಿಲ್ಲ. ಆ ಕಬ್ಬಿಣವನ್ನೇ ಎರಕ ಹೊಯ್ದರು, ಸಾಮಾನು ಲಾರಿ ಹತ್ತಿತು, ಗಿರಾಕಿಯ ಕೈಯಲ್ಲಿ ಬಿರುಕು ಬಿಟ್ಟಿತು. ಆಗಸ್ಟಿನಲ್ಲಿ ದೂರಿನ ಪತ್ರ ಬಂತು. ರಿಜಿಸ್ಟರಿನಲ್ಲಿ ಆ ಸಾಲು ಖಾಲಿ.

"ಸಾರ್‌ಗೆ ಹೇಳ್ದೆ. ಹೂಂ ಅಂದ್ರು. ಸರಿ, ನೋಡ್ಕೊಂಡ್ರು ಅನ್ಕೊಂಡೆ," ಎಂದು ಅವರು ಬರೆದುಕೊಟ್ಟರು.

ನನಗೆ ನೆನಪಿರಲಿಲ್ಲ. ಹೇಳಿದ್ದು ನೆನಪಿಲ್ಲ ಎಂದರೆ ಹೇಳಲಿಲ್ಲ ಎಂದಲ್ಲ, ಇಷ್ಟು ತರ್ಕ ನನಗೆ ಗೊತ್ತಿತ್ತು. ಆದರೆ ಕಾರ್ಖಾನೆಗೆ ಆ ವ್ಯತ್ಯಾಸ ಬೇಕಾಗಿರಲಿಲ್ಲ. ಹೇಳಲಿಲ್ಲ ಎಂದು ನಾನು ಹೇಳಿದರೆ ಅವರನ್ನು ಕೆಲಸದಿಂದ ತೆಗೆಯುತ್ತಿದ್ದರು. ಐವತ್ತು ದಾಟಿದ, ಎರಕ ಕೆಡಿಸಿದ ಎಂಬ ಹೆಸರು ಹೊತ್ತ ಮನುಷ್ಯನನ್ನು ಆ ಸುತ್ತಿನ ಯಾವ ಕಾರ್ಖಾನೆಯೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಹೊರಗಿನಿಂದ ಕರೆಸಿದ ವಕೀಲರೊಬ್ಬರು ವಿಚಾರಣಾಧಿಕಾರಿ. ಅಂದೇ ಮುಗಿಸಿ ಹೋಗುವವರು. ನನ್ನ ಸರದಿ ಮೂರು ಗಂಟೆಗೆ.

ನನ್ನ ನೆನಪಿನ ಮೇಲೆ ನನಗೆ ಎಂದೂ ನಂಬಿಕೆ ಇಲ್ಲದ್ದರಿಂದಲೇ ಓದುವ ಕಾಲದಿಂದ ದಿನಚರಿ ಬರೆಯುತ್ತಿದ್ದೆ. ಕಂಪ್ಯೂಟರ್ ಕೊಂಡ ಮೇಲೆ ಅದರಲ್ಲಿ, ತಿಂಗಳಿಗೊಂದು ಕಡತದಂತೆ. ಜುಲೈ ಮನೆಯಲ್ಲಿತ್ತು. ವಿಚಾರಣೆಯ ದಿನ ಹಿಂದಿನ ಸಂಜೆಯಷ್ಟೇ ಗೊತ್ತಾದದ್ದು. ರಾತ್ರಿಯೇ ಅದನ್ನು ತೆಗೆದು ನೋಡಬಹುದಿತ್ತು. ನೋಡಲಿಲ್ಲ. ಅದಕ್ಕೊಂದು ಕಾರಣ ಕೊಟ್ಟುಕೊಂಡಿದ್ದೆ. ಮನೆಯ ಕಂಪ್ಯೂಟರಿನ ಕಡತಗಳನ್ನು ಇಂಟರ್ನೆಟ್ ಮೂಲಕ ಎಲ್ಲಿಂದ ಬೇಕಾದರೂ ತೆಗೆಯುವ ಏರ್ಪಾಟನ್ನು ಆ ಮಳೆಗಾಲದ ಭಾನುವಾರಗಳಲ್ಲಿ ಕೂತು ಮಾಡಿದ್ದೆ, ಹಾಗಾಗಿ ಕಾರ್ಖಾನೆಯಿಂದಲೇ ನೋಡಿದರಾಯಿತು ಎಂದು. ನಿಜವಾದ ಕಾರಣ, ಏನಿದೆಯೋ ಎಂಬ ಹೆದರಿಕೆ.

ಬೆಳಿಗ್ಗೆ ಹತ್ತಕ್ಕೆ ಗೇಟ್ ಪಾಸ್ ಕೇಳಲು ಹೋದೆ. ಸಿಬ್ಬಂದಿಯ ವ್ಯವಹಾರ ನೋಡುವ ಪರ್ಸನಲ್ ಆಫೀಸರ್ ತಲೆ ಎತ್ತಲಿಲ್ಲ.

"ಸಾಕ್ಷಿಗಳು ಕಾಂಪೌಂಡ್ ಬಿಡೋ ಹಾಗಿಲ್ಲ."

"ಒಂದೂವರೆ ಗಂಟೇಲಿ ಬರ್ತೀನಿ ಸರ್. ಮನೇಲಿ ನನ್ನ ನೋಟ್ಸ್ ಇದೆ."

"ನೋಟ್ಸ್ ತಗೊಂಡು ಏನ್ ಮಾಡ್ತೀರಿ? ಪರೀಕ್ಷೆ ಬರೀತೀರಾ? ಅವನು ಹೇಳಿದ್ನೋ ಇಲ್ವೋ, ಅಷ್ಟೇ ತಾನೇ?"

ಇಂಟರ್ನೆಟ್ ಇದ್ದದ್ದು ಡಿಸ್ಪ್ಯಾಚ್ ಕೋಣೆಯಲ್ಲಿ ಮಾತ್ರ. ಕಿಟಕಿಯಿಲ್ಲದ ಕೋಣೆ, ಒಂದು ಕಬ್ಬಿಣದ ಶಟರು, ಅದನ್ನೂ ದೂಳು ಬರುತ್ತದೆಂದು ಸೊಂಟದ ಎತ್ತರಕ್ಕೆ ಇಳಿಸಿರುತ್ತಿದ್ದರು. ಒಳಗೆ ಹೋಗಬೇಕಾದರೆ ಬಗ್ಗಬೇಕು. ಅಲ್ಲಿ ಕೂತು ಲಾರಿಗಳ ಕಾಗದ ಪತ್ರ ಮಾಡುತ್ತಿದ್ದ ಹೆಂಗಸು ಎದ್ದು ಕುರ್ಚಿ ಬಿಟ್ಟುಕೊಟ್ಟು, ತಾನು ಸ್ಟೂಲಿನ ಮೇಲೆ ಕೂತಳು.

ಜೇಬಿನಲ್ಲಿ ಚೀಟಿ ಇತ್ತು. ಇಂಟರ್ನೆಟ್ಟಿನಲ್ಲಿ ನಮ್ಮ ಮನೆಗೆ ಒಂದು ನಂಬರು ಇರುತ್ತದೆ, ಬಾಗಿಲ ನಂಬರಿನಂತೆ. ಆದರೆ ಮೋಡೆಮ್ ಆರಿ ಹತ್ತಿಕೊಂಡಾಗಲೆಲ್ಲ ಅದು ಬದಲಾಗುತ್ತದೆ. ಹಾಗಾಗಿ ದಿನವೂ ಏಳು ಗಂಟೆಗೆ ಹೊರಡುವ ಮುಂಚೆ ಆ ದಿನದ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು, ಕಂಪ್ಯೂಟರನ್ನು ಆರಿಸದೆ ಹಾಗೇ ಬಿಟ್ಟು ಬರುತ್ತಿದ್ದೆ. ನಂಬರು ಒತ್ತಿದೆ. ಉತ್ತರವಿಲ್ಲ. ಮತ್ತೆ ಒತ್ತಿದೆ. ಏನೋ ಕೆಟ್ಟಿದೆ ಎಂದು ತಿಳಿದಾಗ ನನಗಾದದ್ದು ಸಿಟ್ಟಲ್ಲ, ಒಂದು ಬಗೆಯ ನಿರಾಳ. ಅದು ನನಗೇ ಹಿಡಿಸಲಿಲ್ಲ. ಮೇಜಿನ ಮೇಲಿದ್ದ ಫೋನಿನಿಂದ ಮನೆಗೆ ಫೋನ್ ಮಾಡಿದೆ.

"ಅಮ್ಮ, ಕಂಪ್ಯೂಟರ್ ಆನ್ ಇದೆಯಾ ನೋಡು."

"ಅದೆಲ್ಲಿ ಆನ್ ಇರುತ್ತೆ ಮಾರಾಯ? ಪೂಜೆಗೆ ಇಟ್ಟಾಯ್ತಲ್ಲ."

"ಏನನ್ನ?"

"ಕಂಪ್ಯೂಟರನ್ನೇ. ಇವತ್ತು ಮೂಲಾ ನಕ್ಷತ್ರ, ಸರಸ್ವತಿ ಪೂಜೆ. ಪುಸ್ತಕ ಎಲ್ಲ ಇಟ್ಟೆ, ಜೊತೆಗೆ ಅದನ್ನೂ ಇಟ್ಟೆ. ನೀನು ಬರೆಯೋದೆಲ್ಲ ಅದರಲ್ಲೇ ತಾನೇ?"

"ನನ್ನ ಕೇಳದೇ ಯಾಕೆ ಆಫ್ ಮಾಡ್ದೆ?"

"ಕೇಳದೇ ಇರ್ತೀನಾ? ನಿನ್ನೆ ಊಟಕ್ಕೆ ಕೂತಾಗ ಕೇಳ್ದೆ. ಹೂಂ ಅಂದೆ."

"ನಾನಾ?"

"ಇನ್ಯಾರು, ಪಕ್ಕದ ಮನೆಯವ್ರಾ? ಎರಡು ಸಲ ಕೇಳ್ದೆ, ಎರಡು ಸಲಾನೂ ಹೂಂ ಅಂದೆ. ಸಾರು ಹಾಕ್ಲಾ ಅಂದ್ರೂ ಹೂಂ, ಸಾಕಾ ಅಂದ್ರೂ ಹೂಂ. ನಿಂಗೆ ಬಡಿಸೋದೇ ಒಂದು ಕಷ್ಟ."

ಊಟ ನೆನಪಿತ್ತು. ಹೀರೇಕಾಯಿ ಪಲ್ಯ ನೆನಪಿತ್ತು. ಅವಳು ಕೇಳಿದ್ದಾಗಲಿ ನಾನು ಹೂಂ ಅಂದದ್ದಾಗಲಿ ಎಷ್ಟು ತಡಕಿದರೂ ಸಿಗಲಿಲ್ಲ. ಡಿಸ್ಪ್ಯಾಚಿನ ಹೆಂಗಸು ನನ್ನ ಮುಖ ನೋಡಿ ಲೋಟದಲ್ಲಿ ನೀರು ತಂದು ಇಟ್ಟಳು.

ಕಂಪ್ಯೂಟರ್ ಈಗಲೇ ಬೇಕು ಎಂದೆ. ಅಮ್ಮ ಒಪ್ಪಲಿಲ್ಲ. ಅವಳ ತಂದೆ ಸಂಸ್ಕೃತ ಪಾಠಶಾಲೆಯಲ್ಲಿ ಮೇಷ್ಟರಾಗಿದ್ದವರು. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಓದುವ ಹಾಗಿಲ್ಲ, ಬರೆಯುವ ಹಾಗಿಲ್ಲ ಎಂಬುದು ಅವಳಿಗೆ ಮೂರು ವರ್ಷದ ಮಗುವಾಗಿದ್ದಾಗಿನಿಂದ ಗೊತ್ತು. ನಾನು ಇದ್ಯಾವುದನ್ನೂ ನಂಬುವವನಲ್ಲ, ಅದೂ ಅವಳಿಗೆ ಗೊತ್ತು. ನಂಬಿಕೆಯ ಮೇಲೆ ವಾದ ಮಾಡಿದ್ದರೆ ಸಂಜೆಯವರೆಗೂ ನಡೆಯುತ್ತಿತ್ತು. ಕೊನೆಗೆ ವಿಷಯ ಹೇಳಿದೆ, ಒಬ್ಬರ ಕೆಲಸ ಹೋಗುವ ಪ್ರಶ್ನೆ ಎಂದೆ.

"ಯಾರು, ಹಲಸಿನಹಣ್ಣು ತಂದುಕೊಟ್ಟಿದ್ರಲ್ಲ, ಅವ್ರಾ?"

"ಹೂಂ."

"ಅದನ್ನ ಮೊದಲು ಹೇಳೋದಲ್ವಾ! ಪುಸ್ತಕ ಹಾಗೇ ಇರ್ಲಿ. ಅದೊಂದಕ್ಕೆ ಅಕ್ಷತೆ ಹಾಕಿ ಉತ್ತರಕ್ಕೆ ಸರಿಸ್ತೀನಿ, ವಿಸರ್ಜನೆ ಆದ ಹಾಗೆ. ಆಮೇಲೆ ಆನ್ ಮಾಡ್ತೀನಿ."

ದಿನಚರಿಯನ್ನು ಅವಳಿಂದಲೇ ಓದಿಸಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಅದರಲ್ಲಿ ಅವಳ ವಿಷಯವೂ ಇತ್ತು. ಅವಳ ವ್ರತ, ಮಡಿಗಳ ಬಗ್ಗೆ ನಾನು ಬರೆದ ಜಾಣತನದ ಮಾತುಗಳು. ಅವಳು ಅದನ್ನು ಗಟ್ಟಿಯಾಗಿ ನನಗೇ ಓದಿ ಹೇಳುವುದನ್ನು ಊಹಿಸಿಕೊಳ್ಳಲೂ ನಾನು ತಯಾರಿರಲಿಲ್ಲ.

ಕಾಲು ಗಂಟೆ ಬಿಟ್ಟು ಫೋನ್ ಮಾಡಿದೆ. ಪರದೆಯ ಮೂಲೆಯಲ್ಲಿ ಆ ಹೊತ್ತಿನ ನಂಬರನ್ನು ತೋರಿಸುವ ಒಂದು ಚೌಕ ಮಾಡಿಟ್ಟಿದ್ದೆ. ಅದನ್ನು ಓದು ಎಂದೆ.

"ನಂಬರ್ ಎಲ್ಲಿದೆ? ಬರೀ ಸೊನ್ನೆ."

"ಮೋಡೆಮ್ಮಲ್ಲಿ ದೀಪ ಎಷ್ಟು ಉರೀತಿದೆ?"

ಫೋನ್ ಅಡುಗೆಮನೆಯಲ್ಲಿ, ಕಂಪ್ಯೂಟರ್ ನಡುಮನೆಯಲ್ಲಿ. ಅವಳು ಹೋಗಿ ನೋಡಿ ಬರಬೇಕು. ಅವಳ ಚಪ್ಪಲಿಯಿಲ್ಲದ ಹೆಜ್ಜೆ ಹೋಗುವುದು, ಬರುವುದು ಕೇಳುತ್ತಿತ್ತು.

"ಮೂರು ಉರೀತಿದೆ. ನಾಲ್ಕನೇದು ಆರಿದೆ."

ನಾಲ್ಕನೆಯದು ಕಂಪ್ಯೂಟರಿಗೆ ಹೋಗುವ ವೈರಿನದು. ವೈರು ಗಿಡ್ಡ. ಮೋಡೆಮ್ ಇದ್ದದ್ದು ದಕ್ಷಿಣದ ಗೋಡೆಗೆ. ಉತ್ತರಕ್ಕೆ ಸರಿಸಿದಾಗ ಅದು ಕಳಚಿಕೊಂಡಿತ್ತು.

"ಹಿಂದುಗಡೆ ಹಳದಿ ವೈರು ನೇತಾಡ್ತಿದೆಯಾ ನೋಡಮ್ಮ. ವಾಪಸ್ ದಕ್ಷಿಣಕ್ಕೆ ತಳ್ಳಿ ಅದನ್ನ ಸಿಕ್ಕಿಸು."

"ವಿಸರ್ಜನೆ ಮಾಡಿದ್ದನ್ನ ವಾಪಸ್ ತಳ್ಳೋದಾ? ನಾನು ಮೇಜನ್ನೇ ಎಳೆದು ಮೋಡೆಮ್ಮನ್ನ ಈಚೆಗೆ ತರ್ತೀನಿ, ನೀನು ಸುಮ್ಮನಿರು."

ತಂದಳು. ವೈರು ಟಕ್ಕೆಂದು ಕೂತಿತಂತೆ. ಬಂದು ನಂಬರು ಓದಿದಳು, ನಾನು ಬರೆದುಕೊಂಡೆ, ಫೋನ್ ಇಟ್ಟು ಕಂಪ್ಯೂಟರಿಗೆ ತಿರುಗಿದೆ. ಉತ್ತರವಿಲ್ಲ. ಮತ್ತೆ ಫೋನ್. ನಂಬರು ಬೇರೆ. ಬರೆದುಕೊಂಡೆ, ಫೋನ್ ಇಟ್ಟೆ, ಒತ್ತಿದೆ, ಉತ್ತರವಿಲ್ಲ. ಮೂರನೆಯ ಸಲವೂ ಅದೇ. ನಡುನಡುವೆ ಲಾರಿಗಳ ಕಾಗದಕ್ಕೆಂದು ಕುರ್ಚಿ ಬಿಟ್ಟುಕೊಟ್ಟು ಕಾಯಬೇಕಾಗಿತ್ತು, ಹಾಗಾಗಿ ಆಗಲೇ ಒಂದೂಕಾಲು ಆಗಿತ್ತು. ಊಟದ ಸೈರನ್ ಆಗಿ ಹೋಗಿತ್ತು. ಶಟರಿನ ಕೆಳಗೆ ಕಾಲುಗಳು ಮಾತ್ರ ಕಾಣುತ್ತಿದ್ದವು, ಕ್ಯಾಂಟೀನಿಗೆ ಹೋಗುವ ಕಾಲುಗಳು, ಬರುವ ಕಾಲುಗಳು. ಒಂದು ಜೊತೆ ಕಾಲು ಮಾತ್ರ ಅಲ್ಲೇ ನಿಂತಿತ್ತು. ಮುಂಗಾಲಿನ ಹತ್ತಿರ ಆಸಿಡ್ ಬಿದ್ದು ಬಿಳಿಚಿಕೊಂಡ ಆ ಬೂಟು ಯಾರದೆಂದು ನನಗೆ ಗೊತ್ತಿತ್ತು. ಅವರು ಬಗ್ಗಿ ಒಳಗೆ ನೋಡಲಿಲ್ಲ, ನಾನು ಹೊರಗೆ ಹೋಗಲಿಲ್ಲ.

ಡಿಸ್ಪ್ಯಾಚಿನ ಹೆಂಗಸು ಬುತ್ತಿ ಬಿಚ್ಚಿಕೊಂಡು ಹೇಳಿದಳು, "ಏನ್ ಸರ್, ಮನೆಗೆ ಹೋಗಕ್ಕೆ ಬಿಡ್ಲಿಲ್ಲ ಅಂತ ಮನೇನೇ ಇಲ್ಲಿಗೆ ತರಿಸ್ಕೊಳ್ತಾ ಇದೀರಾ? ನೀವು ಫೋನ್ ಮಾಡಿದಾಗೆಲ್ಲ ಅದು ಹಾಳಾಗ್ತಿದೆ ಅನ್ಸುತ್ತೆ. ಫೋನ್ ಮಾಡ್ಬೇಡಿ."

ತಮಾಷೆಗೆ ಅಂದದ್ದು. ಆದರೆ ಅದು ಸರಿಯಾಗಿತ್ತು. ಫೋನೂ ಇಂಟರ್ನೆಟ್ಟೂ ಒಂದೇ ತಂತಿಯಲ್ಲಿ ಬರುತ್ತವೆ. ಎರಡನ್ನೂ ಬೇರೆ ಮಾಡಲು ಪ್ರತಿ ಫೋನಿಗೂ ಒಂದು ಪುಟ್ಟ ಡಬ್ಬಿ ಹಾಕಬೇಕು. ನಡುಮನೆಯ ಫೋನಿಗೆ ಹಾಕಿದ್ದೆ. ಅಡುಗೆಮನೆಯದಕ್ಕೆ ಹಾಕುತ್ತೇನೆಂದು ಮುಂದೂಡಿದ್ದೆ. ಅಮ್ಮ ನೈವೇದ್ಯದ ಪಾಯಸ ಬಿಟ್ಟು ಬರಲಾರದೆ ಅಡುಗೆಮನೆಯ ಫೋನನ್ನೇ ಎತ್ತುತ್ತಿದ್ದಳು. ಅವಳು ಅದನ್ನು ಇಟ್ಟ ಕೂಡಲೇ ಇಂಟರ್ನೆಟ್ ಕಡಿದು, ಮತ್ತೆ ಹೊಸ ನಂಬರಿನೊಂದಿಗೆ ಹತ್ತಿಕೊಳ್ಳುತ್ತಿತ್ತು. ನಂಬರು ಗೊತ್ತಾಗಲು ಫೋನ್ ಮಾಡಬೇಕು, ಫೋನ್ ಮುಗಿದರೆ ಆ ನಂಬರು ಸುಳ್ಳು.

ಮತ್ತೆ ಫೋನ್ ಮಾಡಿದೆ.

"ಅಮ್ಮ, ಈ ಸಲ ಫೋನ್ ಇಡಬೇಡ."

"ಇಡದೇ ಸೊಂಟದ ಮೇಲೆ ಹೊತ್ಕೊಂಡು ತಿರುಗ್ಲಾ?"

"ಕಟ್ಟೆ ಮೇಲೆ ಮಲಗಿಸು. ಹೋಗಿ ನಂಬರ್ ಓದ್ಕೊಂಡು ಬಂದು ಹೇಳು. ಆಮೇಲೆ ಅದನ್ನ ಮುಟ್ಟಲೇಬೇಡ."

ಹಾಗೇ ಮಾಡಿದಳು. ನಂಬರು ಒತ್ತಿದೆ. ಬಾಗಿಲು ತೆರೆಯಿತು. ನನ್ನ ಮನೆಯ ಕಡತಗಳ ಹೆಸರುಗಳು ಒಂದೊಂದಾಗಿ ಡಿಸ್ಪ್ಯಾಚ್ ಕೋಣೆಯ ಪರದೆಯ ಮೇಲೆ ಇಳಿದವು. ಜನವರಿ, ಫೆಬ್ರವರಿ, ಮಾರ್ಚಿ. ಹೆಸರಿನ ಪಕ್ಕದಲ್ಲಿ ಆ ಕಡತವನ್ನು ಕೊನೆಯ ಸಲ ತಿದ್ದಿದ ದಿನಾಂಕ. ಜನವರಿಯ ಎದುರು ಜನವರಿಯ ಕೊನೆ, ಫೆಬ್ರವರಿಯ ಎದುರು ಫೆಬ್ರವರಿಯ ಕೊನೆ. ಜುಲೈ ಎದುರು ಮಾತ್ರ ಆಗಸ್ಟ್ ತಿಂಗಳ ಒಂದು ದಿನಾಂಕ. ದೂರಿನ ಪತ್ರ ಬಂದ ಮೂರನೆಯ ದಿನದ್ದು.

ಕಡತ ಇಳಿದು ಬರಲು ಹತ್ತು ನಿಮಿಷ ಹಿಡಿಯಿತು. ಬಂದ ಮೇಲೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗುಪ್ಪೆ. ಆ ಕಾಲದಲ್ಲಿ ಕನ್ನಡ ಹಾಗೆಯೇ, ಬರೆಯಲು ಬಳಸಿದ ಫಾಂಟು ಇದ್ದ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡ.

"ಸರ್ಕಾರಿ ಪತ್ರ ಬರೆಯಕ್ಕೆ ನಮ್ಮಲ್ಲಿ ಕನ್ನಡ ಹಾಕಿಸಿದ್ದಾರೆ ಸರ್, ಅದನ್ನ ಆರಿಸಿ ನೋಡಿ," ಎಂದಳು ಹೆಂಗಸು, ಮೊಸರನ್ನದ ಕೈಯನ್ನು ಪರದೆಯಿಂದ ದೂರ ಹಿಡಿದು.

ಆರಿಸಿದೆ. ಗುಪ್ಪೆ ಅಲುಗಾಡಿ ನನ್ನ ವಾಕ್ಯಗಳಾದವು. ಆ ಸಂಜೆಯ ದಿನಾಂಕಕ್ಕೆ ಇಳಿದೆ. ಮಳೆ ಬಂದದ್ದು ಇತ್ತು. ಬಸ್ಸಿನಲ್ಲಿ ಸೀಟು ಸಿಗದ್ದು ಇತ್ತು. ಓದುತ್ತಿದ್ದ ಪುಸ್ತಕದ ಬಗ್ಗೆ ಒಂದು ಉದ್ದದ ಪ್ಯಾರಾ ಇತ್ತು. ಗಂಧಕದ ಮಾತು, ಅವರ ಮಾತು ಇರಲಿಲ್ಲ.

ಬೇರೆಯವನಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಹೇಳಲಿಲ್ಲ, ಬರಹ ಇದೆ ಸಾಕ್ಷಿಗೆ. ನಾನು ಆ ಆಗಸ್ಟಿನ ದಿನಾಂಕವನ್ನೇ ನೋಡುತ್ತ ಕೂತೆ. ಪತ್ರ ಬಂದ ಮೇಲೆ ನಾನು ಈ ಕಡತವನ್ನು ತೆರೆದಿದ್ದೇನೆ. ಸುಮ್ಮನೆ ನೋಡಲು ತೆರೆದು, ಮುಚ್ಚುವಾಗ ಉಳಿಸಬೇಕೇ ಎಂದು ಕೇಳಿದ್ದಕ್ಕೆ ಯೋಚಿಸದೆ ಹೌದು ಒತ್ತಿರಬಹುದು. ಅಥವಾ ಒಂದು ಸಾಲು ಅಳಿಸಿರಬಹುದು. ತೆರೆದದ್ದೇ ನೆನಪಿಲ್ಲ. ಹೆದರಿದ ಮನುಷ್ಯ ಒಂದು ಸಾಲು ಅಳಿಸಿ, ಆಮೇಲೆ ಅಳಿಸಿದ್ದನ್ನೂ ಮರೆಯಬಲ್ಲನೇ? ಬೇರೆ ಯಾರ ವಿಷಯದಲ್ಲಾದರೂ ಕೇಳಿದ್ದರೆ ಖಂಡಿತ ಬಲ್ಲ ಎನ್ನುತ್ತಿದ್ದೆ. ಫೋನ್ ಇನ್ನೂ ಕಿವಿಯ ಹತ್ತಿರವೇ ಇತ್ತು. ದೂರದಲ್ಲಿ ಅಮ್ಮ ಒಗ್ಗರಣೆ ಹಾಕುವ ಸದ್ದು. ನಿನ್ನೆ ರಾತ್ರಿ ಎರಡು ಸಲ ಹೂಂ ಅಂದದ್ದು ಈ ಬೆಳಿಗ್ಗೆ ನನ್ನೊಳಗೆ ಎಲ್ಲೂ ಇರಲಿಲ್ಲ, ಜುಲೈ ತಿಂಗಳ ಒಂದು ಹೂಂ ಎಲ್ಲಿಂದ ಸಿಗಬೇಕು?

ಆ ಪುಟವನ್ನು ಮುದ್ರಿಸಿ ಮಡಚಿ ಜೇಬಿಗೆ ಹಾಕಿದೆ. ಮೂರಕ್ಕೆ ಕರೆದರು.

ವಿಚಾರಣಾಧಿಕಾರಿ ತಾಳ್ಮೆಯ ಮನುಷ್ಯರು. ಪಕ್ಕದಲ್ಲಿ ಪರ್ಸನಲ್ ಆಫೀಸರ್. ಎದುರಿನ ಬೆಂಚಿನ ತುದಿಯಲ್ಲಿ ಸಹಾಯಕರು, ಕ್ಯಾಪನ್ನು ತೊಡೆಯ ಮೇಲೆ ಇಟ್ಟುಕೊಂಡು.

"ಗಂಧಕ ಜಾಸ್ತಿ ಇದೆ ಅಂತ ಇವರು ನಿಮಗೆ ಹೇಳಿದ್ರಾ?"

"ಹೇಳಿರಬಹುದು."

"ಬಹುದು ಬೇಡ. ನೆನಪಿದೆಯಾ?"

"ಇಲ್ಲ. ಹೇಳಲಿಲ್ಲ ಅನ್ನೋದೂ ನೆನಪಿಲ್ಲ."

"ಬರಹದಲ್ಲಿ ಏನಾದ್ರೂ ಇದೆಯಾ? ಬೆಳಿಗ್ಗೆಯಿಂದ ಏನೋ ತರಿಸ್ತಾ ಇದ್ರಿ ಅಂದ್ರು."

"ಇದೆ. ಅದರಲ್ಲಿ ಈ ವಿಷಯ ಇಲ್ಲ. ಆದರೆ ಅದನ್ನ ನಾನೇ ಆಮೇಲೆ ತಿದ್ದಿರಬಹುದು."

"ತಿದ್ದಿದೀರಾ?"

"ಗೊತ್ತಿಲ್ಲ ಸರ್."

ಅವರು ಪೆನ್ನು ಕೆಳಗಿಟ್ಟರು. "ನೋಡಿ ಸ್ವಾಮಿ, ನೀವು ಓದಿದವರು. ನಿಮ್ಮ ಅನುಮಾನ ಎಲ್ಲ ಬರ್ಕೊಳ್ಳಕ್ಕೆ ನನ್ನ ಹತ್ರ ಜಾಗ ಇಲ್ಲ. ಹೌದು, ಇಲ್ಲ, ಎರಡರಲ್ಲಿ ಒಂದು. ನೆನಪಿಲ್ಲ ಅಂದ್ರೆ ಇಲ್ಲ ಅಂತ ಬರ್ಕೋತೀನಿ. ಬರ್ಕೊಳ್ಳಾ?"

ಸಹಾಯಕರು ನನ್ನನ್ನು ನೋಡುತ್ತಿರಲಿಲ್ಲ. ಕ್ಯಾಪಿನ ಒಳಗಿನ ಬೆವರಿನ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದರು.

"ಬೇಡ. ಹೌದು ಅಂತ ಬರ್ಕೊಳ್ಳಿ," ಎಂದೆ. "ಹೇಳಿದ್ರು. ನಾನು ಹೂಂ ಅಂದೆ."

ಪರ್ಸನಲ್ ಆಫೀಸರ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು. ವಿಚಾರಣಾಧಿಕಾರಿ ಬರೆದುಕೊಂಡರು, ನಾನು ಸಹಿ ಹಾಕಿದೆ.

ಹೊರಗೆ ಮರಳಿನ ಗುಡ್ಡೆಯ ಹತ್ತಿರ ಸಹಾಯಕರು ನನ್ನನ್ನು ಹಿಡಿದರು.

"ನೆನಪಾಯ್ತಾ ಸಾರ್?"

ಹೌದು ಎನ್ನಬಹುದಿತ್ತು. ಒಂದು ದಿನಕ್ಕೆ ಅಷ್ಟು ಸಾಕೆನಿಸಿತು. "ಇಲ್ಲ," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಕರಗಿದ ಕಬ್ಬಿಣವನ್ನು ನೋಡುವಾಗ ಹಾಗೇ ಕಣ್ಣು ಕಿರಿದು ಮಾಡುತ್ತಿದ್ದರು.

"ನಾನು ನಿಜ ಹೇಳ್ದೆ ಸಾರ್," ಎಂದರು. "ನನ್ನ ಪರವಾಗಿ ನೀವು ಸುಳ್ಳು ಹೇಳ್ಬಿಟ್ರಿ. ಈಗ ನಾನೂ ಸುಳ್ಳ ಆಗ್ಬಿಟ್ಟೆ, ನೋಡಿ."



ಅವರ ಕೆಲಸ ಉಳಿಯಿತು. ನನಗೆ ಎಚ್ಚರಿಕೆಯ ಪತ್ರ ಬಂತು, ಆ ವರ್ಷದ ಬಡ್ತಿ ಹೋಯಿತು. ವಿಜಯದಶಮಿ ಕಳೆದು ಕೆಲಸಕ್ಕೆ ಬಂದ ಮೊದಲ ದಿನ ಅವರು ನನ್ನ ಮೇಜಿನ ಮೇಲೆ ಒಂದು ನೂರು ಪುಟದ ಶಾಲೆಯ ನೋಟ್‌ಬುಕ್ಕು ಇಟ್ಟರು. ಸ್ಕೇಲಿಟ್ಟು ಗೆರೆ ಎಳೆದಿದ್ದರು. ಮಾದರಿಯ ನಂಬರು, ಗಂಧಕ, ಹೊತ್ತು, ಕೊನೆಯಲ್ಲಿ ನನ್ನ ಸಹಿಗೆ ಜಾಗ.

"ಇನ್ಮೇಲೆ ಬಾಯಲ್ಲಿ ಹೇಳಲ್ಲ ಸಾರ್. ಒಳ್ಳೇದು ಕೆಟ್ಟದ್ದು ಎಲ್ಲ ಬರ್ದು ತರ್ತೀನಿ. ನೀವು ಓದಿ ಸಹಿ ಹಾಕ್ಬೇಕು."

"ಹೂಂ," ಎಂದೆ.

"ಹೂಂ ಬೇಡ ಸಾರ್," ಎಂದರು ಅವರು, ಪೆನ್ನಿನ ಮುಚ್ಚಳ ತೆಗೆದು ಮುಂದೆ ಹಿಡಿದು.

ಸಹಿ ಹಾಕಿದೆ. ಆ ಕಾರ್ಖಾನೆಯಲ್ಲಿ ಇನ್ನೂ ನಾಲ್ಕು ವರ್ಷ ಇದ್ದೆ. ದಿನಕ್ಕೆ ಆರೇಳು ಸಲ ಅವರು ಪುಸ್ತಕ ತಂದು, ನಾನು ಅಂಕಿ ಓದಿ ಮುಗಿಸುವವರೆಗೆ ಎದುರಿಗೆ ನಿಂತಿರುತ್ತಿದ್ದರು. ನಮ್ಮ ಮನೆಗೆ ಮಾತ್ರ ಮತ್ತೆ ಹಲಸಿನಹಣ್ಣನ್ನಾಗಲಿ ಬೇರೇನನ್ನಾಗಲಿ ತಂದುಕೊಡಲಿಲ್ಲ.